ತೊಡೆಯೋ, ಬ್ಯಾಸಿನೆಟ್ಟೋ, ಬೇರೆ ಸೀಟೋ? ಲಂಡನ್–ಬೆಂಗಳೂರು ವಿಮಾನದಲ್ಲಿ ಮಗುವಿನ ಜೊತೆ

ಲಂಡನ್‌ನಿಂದ ಬೆಂಗಳೂರಿಗೆ ನೇರ ವಿಮಾನದಲ್ಲಿ ಸುಮಾರು 10 ಗಂಟೆ. ದೊಡ್ಡವರಿಗಾದರೆ ಒಂದು ಊಟ, ಒಂದು ಸಿನಿಮಾ, ಒಂದು ನಿದ್ದೆಯಲ್ಲಿ ಕಳೆದುಹೋಗುತ್ತದೆ. ಕೈಯಲ್ಲಿ ಎರಡು ವರ್ಷದೊಳಗಿನ ಮಗು ಇದ್ದರೆ ಲೆಕ್ಕವೇ ಬೇರೆ. ಇಲ್ಲಿ ಬ್ರಿಟನ್‌ನಲ್ಲಿ ನಾಲ್ಕು ಕನ್ನಡದ ಮನೆಯವರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಹೋಗೋದಾ, ಬ್ಯಾಸಿನೆಟ್ ಅನ್ನುವ ಪುಟ್ಟ ತೊಟ್ಟಿಲು ಕೇಳೋದಾ, ಇಲ್ಲ ದುಡ್ಡು ಕೊಟ್ಟು ಬೇರೆ ಸೀಟೇ ತಗೊಳ್ಳೋದಾ? ನೇರ ವಿಮಾನ ಒಳ್ಳೆಯದಾ, ದುಬೈ ಅಥವಾ ದೋಹಾ ಮೇಲೆ ಹೋಗೋದು ಒಳ್ಳೆಯದಾ?

ಮೊದಲು ಮಗಳು, ಆಮೇಲೆ ಮಗ, ಇಬ್ಬರ ಜೊತೆಯೂ ಇವನ್ನೆಲ್ಲ ಮಾಡಿ ನೋಡಿದ್ದೇವೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮಗು ಅಂಬೆಗಾಲಿಡುವವರೆಗೆ ಬ್ಯಾಸಿನೆಟ್. ಅಂಬೆಗಾಲಿಡಲು ಶುರು ಮಾಡಿದ ಮೇಲೆ ಅದಕ್ಕೆ ಅದರದೇ ಸೀಟು. ಕೈಲಾದರೆ ಬರೀ ತೊಡೆಯ ಮೇಲೆ ಇಷ್ಟು ದೂರದ ಪ್ರಯಾಣ ಬೇಡ.

ದುಡ್ಡಿನ ವಿಷಯ ಮೊದಲು ಮುಗಿಸೋಣ. ಎರಡು ವರ್ಷ ತುಂಬದ ಮಗು ತೊಡೆ ಮೇಲೆ ಕೂತರೆ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10ರಷ್ಟು ಕೊಡಬೇಕು. ಬೇರೆ ಸೀಟು ಬೇಕೆಂದರೆ ಮಕ್ಕಳ ದರ. ಅದು ದೊಡ್ಡವರ ದರಕ್ಕಿಂತ ಸ್ವಲ್ಪ ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಬ್ರಿಟನ್‌ನಿಂದ ಹೊರಡುವವರು ಒಂದು ವಿಷಯ ಗಮನಿಸಬೇಕು. ಇಲ್ಲಿ ಪ್ರತಿ ಟಿಕೆಟ್ ಮೇಲೂ ಸರ್ಕಾರದ ಏರ್ ಪ್ಯಾಸೆಂಜರ್ ಡ್ಯೂಟಿ ಇದೆ. ಎಕಾನಮಿಯಲ್ಲಿ ಹೋಗುವ 16 ವರ್ಷದೊಳಗಿನ ಮಕ್ಕಳಿಗೆ ಅದು ಇಲ್ಲ. ಹಾಗಾಗಿ ಬೇರೆ ಸೀಟಿನ ಬೆಲೆ ನಾವು ಅಂದುಕೊಂಡಷ್ಟು ಏರುವುದಿಲ್ಲ. ಜೊತೆಗೆ ಸೀಟು ತಗೊಂಡ ಮಗುವಿಗೆ ಸಾಮಾನ್ಯವಾಗಿ ದೊಡ್ಡವರಷ್ಟೇ ಲಗೇಜ್ ಸಿಗುತ್ತದೆ. ಊರಿನಿಂದ ವಾಪಸ್ ಬರುವಾಗ ಸಾರಿನಪುಡಿ, ಹಪ್ಪಳ, ಸಂಡಿಗೆ, ಅಜ್ಜಿ ಕೊಟ್ಟ ಬಟ್ಟೆ ಅಂತ ತುಂಬಿಕೊಂಡು ಬರೋರಿಗೆ ಅದು ಸಣ್ಣ ಮಾತಲ್ಲ. ಬುಕ್ ಮಾಡುವಾಗ ಎರಡೂ ಥರ ಹಾಕಿ ನೋಡಿ, ಆಮೇಲೆ ನಿರ್ಧರಿಸಿ.

ಈಗ ಬ್ಯಾಸಿನೆಟ್. ಮುಂದೆ ಸೀಟಿಲ್ಲದ ಸಾಲಿನಲ್ಲಿ, ಎದುರಿನ ಗೋಡೆಗೆ ಸಿಕ್ಕಿಸುವ ಪುಟ್ಟ ತೊಟ್ಟಿಲು ಅದು. ಇಡೀ ವಿಮಾನದಲ್ಲಿ ಕೆಲವೇ ಇರುತ್ತವೆ. ಟಿಕೆಟ್ ಆದ ದಿನವೇ ಫೋನ್ ಮಾಡಿ ಹೇಳಿಟ್ಟುಕೊಳ್ಳುವುದು ಒಳ್ಳೆಯದು. ಹೇಳಿಟ್ಟರೂ ಪಕ್ಕಾ ಅಂತ ಹೇಳಲಾಗದು, ಇನ್ನೂ ಚಿಕ್ಕ ಮಗು ಬಂದರೆ ಅದಕ್ಕೆ ಹೋಗಬಹುದು. ತೂಕದ ಮಿತಿ ಕಂಪನಿಗೊಂದು ಥರ. ಕೆಲವದರಲ್ಲಿ 10–11 ಕೆ.ಜಿ., ಕೆಲವದರಲ್ಲಿ 14. ನಮ್ಮ ಅನುಭವದಲ್ಲಿ ತೂಕಕ್ಕಿಂತ ಮೊದಲು ಉದ್ದವೇ ಸಾಲದೆ ಬರುತ್ತದೆ. ಕಾಲು ಮಡಚಿ ಮಲಗುವ ಮಗುವಿಗೆ ಪರವಾಗಿಲ್ಲ. ಕೈಕಾಲು ಚಾಚಿ ಮಲಗುವ ಮಗು ಪಕ್ಕಕ್ಕೆ ತಗುಲಿ ತಗುಲಿ ಏಳುತ್ತದೆ.

ಮಗಳಿಗೆ ಐದು ತಿಂಗಳಾಗಿದ್ದಾಗ ಬ್ಯಾಸಿನೆಟ್ ನಿಜಕ್ಕೂ ವರ. ಊಟದ ತಟ್ಟೆ ತೆಗೆದುಕೊಂಡು ಹೋದ ಮೇಲೆ ಗಗನಸಖಿ ಬಂದು ಸಿಕ್ಕಿಸಿಕೊಟ್ಟರು. ಮನೆಯಲ್ಲಿ ಹಾಸುತ್ತಿದ್ದ ಅಮ್ಮನ ಹಳೇ ಕಾಟನ್ ಸೀರೆಯ ತುಂಡನ್ನು ಬಿಗಿಯಾಗಿ ಮಡಿಸಿ ಕೆಳಗೆ ಹಾಸಿದೆ. ವಾಸನೆ ಗುರುತು ಸಿಕ್ಕಿತೋ ಏನೋ, ಹತ್ತು ನಿಮಿಷಕ್ಕೆ ಮಲಗಿದಳು. ನಾನು ಎರಡೂ ಕೈ ಖಾಲಿ ಮಾಡಿಕೊಂಡು ಬಿಸಿ ಬಿಸಿ ಟೀ ಕುಡಿದೆ. ಅಷ್ಟರಲ್ಲಿ ಟಿಂಗ್ ಅಂತ ಸದ್ದು, ಸೀಟ್‌ಬೆಲ್ಟ್ ದೀಪ. ವಿಮಾನ ಕುಲುಕಾಡುವಾಗ ಮಗುವನ್ನು ಬ್ಯಾಸಿನೆಟ್‌ನಲ್ಲಿ ಬಿಡುವ ಹಾಗಿಲ್ಲ. ಎತ್ತಿಕೊಂಡು ತೊಡೆ ಮೇಲೆ ಇಟ್ಟುಕೊಂಡು, ನನ್ನ ಬೆಲ್ಟಿಗೆ ಸೇರಿಸುವ ಪುಟ್ಟ ಬೆಲ್ಟ್ ಅವಳ ಹೊಟ್ಟೆಗೆ ಹಾಕಬೇಕು. ಎತ್ತಿದ ಕೂಡಲೇ ಎಚ್ಚರ. ದೀಪ ಆರಿದ ಮೇಲೆ ಮತ್ತೆ ತೂಗಿ, ಮತ್ತೆ ಮಲಗಿಸಬೇಕು. ರಾತ್ರಿಯಿಡೀ ಹೀಗೆ ಆಗುತ್ತಿರುತ್ತದೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರದ ಮೇಲೆ ಬರುವಾಗಂತೂ ಜಾಸ್ತಿ.

ಆ ಸಾಲಿನ ತೊಂದರೆಗಳೂ ಇವೆ. ಏರುವಾಗ ಇಳಿಯುವಾಗ ಒಂದು ಚೀಲವನ್ನೂ ಕಾಲ ಬಳಿ ಇಡುವಂತಿಲ್ಲ, ಎಲ್ಲ ಮೇಲಕ್ಕೆ ಹೋಗಬೇಕು. ಡಯಾಪರ್ ಬೇಕಾದಾಗಲೇ ಮೇಲೆ ಇರುತ್ತದೆ. ಊಟದ ಟ್ರೇ ಸೀಟಿನ ತೋಳಿನೊಳಗೆ ಮಡಚಿಟ್ಟಿರುವುದರಿಂದ ಆ ತೋಳು ಮೇಲೆತ್ತಲು ಬರುವುದಿಲ್ಲ. ಅಂದರೆ ಪಕ್ಕದ ಸೀಟು ಖಾಲಿ ಇದ್ದರೂ ಮಗುವನ್ನು ಅಡ್ಡ ಮಲಗಿಸಲಾಗದು. ಎಷ್ಟೋ ವಿಮಾನಗಳಲ್ಲಿ ಈ ಸಾಲು ಟಾಯ್ಲೆಟ್ ಪಕ್ಕದಲ್ಲೇ ಇರುತ್ತದೆ. ಬಾಗಿಲು ತೆರೆದಾಗಲೆಲ್ಲ ಬೆಳಕು ಮಗುವಿನ ಮುಖಕ್ಕೇ ಬೀಳುತ್ತದೆ.

ಒಮ್ಮೆ ಇನ್ನೊಂದು ಕುಟುಂಬದ ಜೊತೆ ಹೊರಟಿದ್ದೆವು, ಅವರಿಗೂ ಪುಟ್ಟ ಮಗು. ಅಕ್ಕಪಕ್ಕ ಕೂರೋಣ ಅಂದರೆ ಕೊಡಲಿಲ್ಲ. ಕಾರಣ ಆಮ್ಲಜನಕದ ಮಾಸ್ಕ್. ಸಾಲಿನ ಒಂದೊಂದು ಭಾಗಕ್ಕೂ ಸೀಟಿನ ಲೆಕ್ಕಕ್ಕಿಂತ ಸಾಮಾನ್ಯವಾಗಿ ಒಂದೇ ಒಂದು ಮಾಸ್ಕ್ ಹೆಚ್ಚಿಗೆ ಇರುತ್ತದೆ. ತೊಡೆ ಮೇಲಿನ ಎರಡು ಮಕ್ಕಳಿಗೆ ಅದು ಸಾಲದು. ಇಂಥ ಕಡೆ ಸಿಬ್ಬಂದಿ ಜೊತೆ ವಾದ ಮಾಡಬಾರದು.

ಮಗ ಒಂಬತ್ತು ತಿಂಗಳಿಗೇ ಬ್ಯಾಸಿನೆಟ್ ಒಲ್ಲೆ ಅಂದ. ಕೂರಿಸಿದರೆ ಅಂಚು ಹಿಡಿದು ನಿಲ್ಲೋಕೆ ನೋಡುತ್ತಿದ್ದ. ಹಾಗೆ ಎದ್ದು ನಿಲ್ಲುವ ಮಗುವಿಗೆ ಅದು ಅಪಾಯವೇ. ಹೀಗಾಗಿ ಮುಂದಿನ ಪ್ರಯಾಣಕ್ಕೆ ಅವನಿಗೆ ಬೇರೆ ಸೀಟು ತಗೊಂಡು, ಮಗುವನ್ನು ಕಾರಿನಲ್ಲಿ ಕೂರಿಸುವ ಕಾರ್ ಸೀಟ್ ಜೊತೆಗೆ ಒಯ್ದೆವು.

ಇದಕ್ಕೆ ಸ್ವಲ್ಪ ತಯಾರಿ ಬೇಕು. ವಿಮಾನದ ಸೀಟಿನಲ್ಲಿ ಇರುವುದು ಸೊಂಟದ ಬೆಲ್ಟ್ ಮಾತ್ರ. ಬ್ರಿಟನ್‌ನಲ್ಲಿ ಮಾರುವ ಬಹಳಷ್ಟು ಕಾರ್ ಸೀಟ್‌ಗಳಿಗೆ ಭುಜದ ಮೇಲಿನ ಬೆಲ್ಟೂ ಬೇಕು, ಇಲ್ಲವೇ ಕಾರಿನಲ್ಲೇ ಇರುವ ಐಸೋಫಿಕ್ಸ್ ಅನ್ನುವ ಕೊಂಡಿ ಬೇಕು. ಅವು ವಿಮಾನದಲ್ಲಿ ಕೂರುವುದೇ ಇಲ್ಲ. ವಿಮಾನಕ್ಕೆ ಆಗುತ್ತದೆ ಅಂತ ಸೀಟಿನ ಮೇಲೇ ಚೀಟಿ ಅಂಟಿಸಿರುತ್ತಾರೆ, ಅದನ್ನು ಹುಡುಕಿ. ಅಮೆರಿಕದ ಸೀಟುಗಳಲ್ಲಿ ಕೆಂಪು ಅಕ್ಷರದಲ್ಲಿ ಬರೆದಿರುತ್ತದೆ. ಅಗಲ ಅಳೆದುಕೊಳ್ಳಿ. ಎಕಾನಮಿ ಸೀಟು ಸುಮಾರು 43ರಿಂದ 46 ಸೆಂ.ಮೀ. ಅಷ್ಟೇ. ಕಾರ್ ಸೀಟನ್ನು ಕಿಟಕಿ ಪಕ್ಕ ಹಾಕಬೇಕು, ಬೇರೆಯವರು ಹೊರಬರುವ ದಾರಿಗೆ ಅಡ್ಡ ಆಗಬಾರದು. ಕಂಪನಿಗೆ ಮೊದಲೇ ಹೇಳಿ, ಸೀಟಿನ ಮಾಡೆಲ್ ಹೆಸರು ಕೊಟ್ಟು, ಒಪ್ಪಿಗೆಯನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ. ನಮಗೆ ಒಂದು ಕಡೆ ಬಾಗಿಲಲ್ಲೇ ತಡೆದರು. ಇಮೇಲ್ ತೋರಿಸಿದ ಮೇಲೆ ಬಿಟ್ಟರು.

ಕೂತ ಮೇಲೆ ಮಾತ್ರ ಎಷ್ಟು ವ್ಯತ್ಯಾಸ ಗೊತ್ತಾ! ದಿನಾ ಕಾರಿನಲ್ಲಿ ಕೂತು ನಿದ್ದೆ ಮಾಡುವ ಸೀಟು, ಅದೇ ಪಟ್ಟಿ, ಅದೇ ಬಟ್ಟೆ. ಮಗ ಸುಮ್ನೆ ಒರಗಿಕೊಂಡು ಮಲಗಿದ. ಸೀಟ್‌ಬೆಲ್ಟ್ ದೀಪ ಹತ್ತಿದರೂ ಎತ್ತಬೇಕಾಗಿಲ್ಲ, ಎಬ್ಬಿಸಬೇಕಾಗಿಲ್ಲ. ಬ್ಯಾಸಿನೆಟ್‌ನ ದೊಡ್ಡ ತಲೆನೋವು ಇಲ್ಲಿ ಇಲ್ಲವೇ ಇಲ್ಲ. ಹೊರುವ ಕಷ್ಟ ಇದೆ, ಒಪ್ಪುತ್ತೇನೆ. ಕೆಂಪೇಗೌಡ ನಿಲ್ದಾಣದ ಟರ್ಮಿನಲ್ 2ರಲ್ಲಿ ಆ ಉದ್ದದ ದಾರಿಯಲ್ಲಿ ನಮ್ಮವರು ಅದನ್ನು ಬೆನ್ನಿಗೆ ಕಟ್ಟಿಕೊಂಡು ನಡೆದರು.

ಸುರಕ್ಷತೆ ವಿಷಯದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ 232 ವಿಮಾನ ತುರ್ತಾಗಿ ಇಳಿಯುವಾಗ ಅಪಘಾತವಾಯಿತು. ತೊಡೆ ಮೇಲೆ ಬಂದಿದ್ದ ನಾಲ್ಕು ಮಕ್ಕಳು ಅದರಲ್ಲಿದ್ದರು. ಆಗಿನ ಸೂಚನೆಯಂತೆ ಮಕ್ಕಳನ್ನು ಕಾಲ ಬಳಿ ನೆಲದ ಮೇಲೆ ಹಿಡಿದುಕೊಳ್ಳಿ ಅಂತ ತಾಯಂದಿರಿಗೆ ಹೇಳಲಾಯಿತು. ಆ ನಾಲ್ವರಲ್ಲಿ ಒಂದು ಮಗು ತೀರಿಕೊಂಡಿತು. ಹಾಗೆ ಹೇಳಬೇಕಾಗಿ ಬಂದ ಮುಖ್ಯ ಗಗನಸಖಿ ಜ್ಯಾನ್ ಬ್ರೌನ್ ಆಮೇಲೆ ವರ್ಷಗಟ್ಟಲೆ, ಪ್ರತಿ ಮಗುವಿಗೂ ಅದರದೇ ಸೀಟು ಕಡ್ಡಾಯ ಮಾಡಿ ಅಂತ ಹೋರಾಡಿದರು. ಅಮೆರಿಕದ ವಿಮಾನಯಾನ ಇಲಾಖೆ ಇನ್ನೂ ಕಡ್ಡಾಯ ಮಾಡಿಲ್ಲ. ಅವರು ಕೊಡುವ ಕಾರಣ ಹೀಗಿದೆ: ಖರ್ಚು ಏರಿದರೆ ಜನ ವಿಮಾನ ಬಿಟ್ಟು ಕಾರಿನಲ್ಲಿ ಹೋಗುತ್ತಾರೆ, ರಸ್ತೆಯಲ್ಲಿ ಅಪಾಯ ಇನ್ನೂ ಜಾಸ್ತಿ. ಅಮೆರಿಕದೊಳಗೆ ಓಡಾಡುವವರಿಗೆ ಈ ಮಾತು ಸರಿ ಇರಬಹುದು. ಲಂಡನ್‌ನಿಂದ ಬೆಂಗಳೂರಿಗೆ ಮಗುವನ್ನು ಕಾರಿನಲ್ಲಿ ಕರೆದುಕೊಂಡು ಬರೋರು ಯಾರೂ ಇಲ್ಲ ಅಲ್ವಾ? ನಮಗೆ ಆ ಕಾರಣ ಅನ್ವಯಿಸುವುದಿಲ್ಲ.

ತೊಡೆ ಮೇಲಿನ ಮಗುವಿಗೆ ಹಾಕುವ ಪುಟ್ಟ ಬೆಲ್ಟ್ ಬ್ರಿಟನ್‌ನಲ್ಲಿ ಕಡ್ಡಾಯ. ಅಮೆರಿಕದಲ್ಲಿ ಏರುವಾಗ ಇಳಿಯುವಾಗ ಅದಕ್ಕೆ ಅನುಮತಿಯೇ ಇಲ್ಲ. ಮಗು ಕೈಯಿಂದ ಹಾರಿಹೋಗುವುದನ್ನು ಅದು ತಡೆಯುತ್ತದೆ. ಆದರೆ ಜೋರಾಗಿ ಹೊಡೆತ ಬಿದ್ದರೆ ದೊಡ್ಡವರ ಮೈಯೇ ಮಗುವಿನ ಮೇಲೆ ಬೀಳುತ್ತದೆ. ವಿಮಾನ ಅಪಘಾತ ಅಪರೂಪ, ನಿಜ. ಆದರೆ ಜೋರಾದ ಕುಲುಕಾಟ ಅಷ್ಟು ಅಪರೂಪ ಅಲ್ಲ, ನಿದ್ದೆಗಣ್ಣಿನ ಕೈಗಳು ಮಗುವನ್ನು ಹಿಡಿದಿಡಲಾರವು.

ತೊಡೆಯೇ ಗೆಲ್ಲುವ ಒಂದು ಜಾಗ ಇದೆ: ಇಳಿಯುವಾಗಿನ ಕಿವಿ ನೋವು. ಏರುವಾಗಿನದಕ್ಕಿಂತ ಇಳಿಯುವಾಗ ಜಾಸ್ತಿ ನೋಯುತ್ತದೆ. ಹೊರಗಿನ ಒತ್ತಡ ಏರುತ್ತಾ ಹೋದಂತೆ ಕಿವಿಯಿಂದ ಗಂಟಲಿಗೆ ಹೋಗುವ ಸಣ್ಣ ನಾಳ ತೆರೆಯಬೇಕು, ನುಂಗಿದರೆ ತೆರೆಯುತ್ತದೆ. ಎದೆಹಾಲು ಕುಡಿಯುವ ಮಗುವಿಗೆ ಇದಕ್ಕಿಂತ ಒಳ್ಳೆ ಮದ್ದಿಲ್ಲ. ಕಾರ್ ಸೀಟಿನಲ್ಲಿ ಕಟ್ಟಿದ ಮಗುವಿಗೆ ಎದೆಹಾಲು ಕೊಡಲಾಗದು, ಬಾಟಲಿ ಅಥವಾ ಸ್ಟ್ರಾ ಇರುವ ಲೋಟವೇ ಗತಿ. ಮಗನಿಗೆ ಪ್ರಯಾಣಕ್ಕೆ ಎರಡು ವಾರ ಮೊದಲಿನಿಂದ ಸ್ಟ್ರಾ ಲೋಟ ರೂಢಿ ಮಾಡಿಸಿದೆ, ಸರಿಹೋಯಿತು. ಒಂದು ಮಾತು: ಚಕ್ರ ನೆಲಕ್ಕೆ ತಾಗುವ ಹೊತ್ತಿಗೆ ಕೊಟ್ಟರೆ ತಡ. ನೆಲ ಮುಟ್ಟುವ ಅರ್ಧ ಗಂಟೆ ಮೊದಲೇ ವಿಮಾನ ಇಳಿಯಲು ಶುರು ಮಾಡುತ್ತದೆ. ಆಗ ಎಬ್ಬಿಸಿ, ಆಗಲೇ ಕುಡಿಸಲು ಶುರು ಮಾಡಿ. ಅದಕ್ಕೂ ಸ್ವಲ್ಪ ಮೊದಲು ಹೊಟ್ಟೆ ತುಂಬಿಸಬೇಡಿ. ಶೀತ ಆಗಿ ಮೂಗು ಕಟ್ಟಿದ್ದರೆ ಹೊರಡುವ ಮೊದಲು ಡಾಕ್ಟರಿಗೆ ತೋರಿಸಿ. ನಿದ್ದೆ ಬರೋ ಔಷಧಿ ಸ್ವಲ್ಪ ಹಾಕಿಬಿಡು ಅಂತ ಹೇಳುವ ಹಿರಿಯರು ಎಲ್ಲರ ಮನೆಯಲ್ಲೂ ಇರುತ್ತಾರೆ. ಹಾಕಬೇಡಿ. ಕೆಲವು ಮಕ್ಕಳು ಅದರಿಂದ ಮಲಗುವ ಬದಲು ಕೆರಳುತ್ತವೆ.

ನೇರವೋ, ಕೊಲ್ಲಿಯ ಮೇಲಿಂದಲೋ? ಬೆಂಗಳೂರಿನಿಂದ ದುಬೈಗೆ ಸುಮಾರು 4 ಗಂಟೆ, ಅಲ್ಲಿಂದ ಲಂಡನ್‌ಗೆ 7 ಗಂಟೆ ಮೇಲೆ. ಟಿಕೆಟ್ ಎಷ್ಟೋ ಸಲ ಅಗ್ಗ. ಒಂದು ವರ್ಷದೊಳಗಿನ ಮಗುವಿಗೆ ನನ್ನ ಮತ ನೇರ ವಿಮಾನಕ್ಕೆ. ನಡುವೆ ಇಳಿದರೆ ಕಿವಿಯ ಕಷ್ಟ ಎರಡು ಸಲ, ಸೆಕ್ಯುರಿಟಿ ಎರಡು ಸಲ. ಚೆನ್ನಾಗಿ ಮಲಗಿದ್ದ ಮಗುವನ್ನು ನಡುರಾತ್ರಿ ಎಬ್ಬಿಸಬೇಕು.

ಓಡಾಡುವ ಮಗುವಿನ ವಿಷಯದಲ್ಲಿ ಇದು ಉಲ್ಟಾ. ಮಗಳಿಗೆ ಎರಡೂವರೆ ಆಗಿದ್ದಾಗ ದೋಹಾದ ಹಮದ್ ನಿಲ್ದಾಣದಲ್ಲಿ ಇಳಿದೆವು. ಅಲ್ಲಿ ನಡುವೆ ಒಂದು ಭಾರಿ ಹಳದಿ ಕರಡಿ ಕೂತಿದೆ, ಸುಮಾರು 7 ಮೀಟರ್ ಎತ್ತರ, ತಲೆಗೊಂದು ದೀಪ. ಮಗಳು ಅದರ ಸುತ್ತ ಓಡಿದಳು, ಮಕ್ಕಳ ಆಟದ ಜಾಗದಲ್ಲಿ ಹತ್ತಿ ಜಾರಿದಳು, ಎರಡನೇ ವಿಮಾನ ಹತ್ತಿದ ಕೂಡಲೇ ಮಲಗಿದಳು. ನೇರ ವಿಮಾನದಲ್ಲಾದರೆ ಅದೇ ಓಟ ಇಕ್ಕಟ್ಟಿನ ದಾರಿಯಲ್ಲಿ, ಊಟದ ಗಾಡಿಯ ಎದುರಿಗೇ ನಡೆಯುತ್ತಿತ್ತು. ನಡುವಿನ ಹೊತ್ತು ಎರಡೂವರೆಯಿಂದ ನಾಲ್ಕು ಗಂಟೆ ಇದ್ದರೆ ಸಾಕು. ಅದಕ್ಕಿಂತ ಕಡಿಮೆ ಇದ್ದರೆ ಮಗುವನ್ನು ಎತ್ತಿಕೊಂಡು ಓಡಬೇಕಾಗುತ್ತದೆ.

ಊಟದಲ್ಲಿ ಬಾಟಲಿಯ ಹಣ್ಣಿನ ಗೊಜ್ಜಿಗಿಂತ ನಮಗೆ ರಾಗಿ ಸರಿಯೇ ಗೆದ್ದಿತು. ಪುಡಿ ಒಯ್ದರೆ ಹಗುರ, ಬಿಸಿನೀರು ಗಗನಸಖಿ ಕೊಡುತ್ತಾರೆ. ಮನೆಯಲ್ಲೇ ಬೇಯಿಸಿ, ಒಣಗಿಸಿ ಪುಡಿ ಮಾಡಿಟ್ಟುಕೊಂಡಿದ್ದರೆ ಒಳ್ಳೆಯದು, ಬರೀ ಬಿಸಿನೀರಿಗೆ ಹಸಿ ಹಿಟ್ಟು ಬೇಯುವುದಿಲ್ಲ. ಮಗುವಿಗೆ ಬೇಕಾದ ಹಾಲು, ಊಟಕ್ಕೆ ಸೆಕ್ಯುರಿಟಿಯಲ್ಲಿ 100 ಮಿಲಿ ಲೀಟರ್ ನಿಯಮ ಅಡ್ಡ ಬರುವುದಿಲ್ಲ. ಎದುರಿಗೇ ತೆಗೆದು ತೋರಿಸಬೇಕು ಅಷ್ಟೆ.

ಸ್ಟ್ರಾಲರ್ ಮತ್ತು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ನಡುವೆ ಒಂದನ್ನೇ ಆರಿಸಬೇಕು ಅಂದರೆ ಕ್ಯಾರಿಯರ್. ವಿಮಾನದ ಬಾಗಿಲಲ್ಲಿ ಕೊಟ್ಟ ಸ್ಟ್ರಾಲರ್ ಇಳಿದ ಕೂಡಲೇ ಕೈಗೆ ಸಿಗುತ್ತದೆ ಅಂತ ಇಲ್ಲ. ಕೆಲವು ಕಡೆ ಲಗೇಜ್ ಬೆಲ್ಟ್‌ವರೆಗೆ ಕಾಯಬೇಕು.

ಎರಡು ತುಂಬಿದ ಮೇಲೆ ಸೀಟು ಕಡ್ಡಾಯ, ಆದರೆ ಸೊಂಟದ ಬೆಲ್ಟ್ ಆ ಮೈಗೆ ದೊಡ್ಡದು. ಈಗ ನಾವು ಕೇರ್ಸ್ ಅನ್ನುವ ಪಟ್ಟಿ ಬಳಸುತ್ತೇವೆ. ಸೀಟಿನ ಬೆನ್ನಿಗೆ ಸುತ್ತಿ ಮಗುವಿನ ಭುಜದ ಮೇಲೆ ಹಾಕುವಂಥದ್ದು. 10ರಿಂದ 20 ಕೆ.ಜಿ. ಮಕ್ಕಳಿಗೆ ಆಗುತ್ತದೆ, ಅರ್ಧ ಕೆ.ಜಿ.ಯಷ್ಟು ತೂಕ, ಕೈಚೀಲದಲ್ಲಿ ಹೋಗುತ್ತದೆ. ನಿದ್ದೆಗೆ ಕಾರ್ ಸೀಟೇ ಮೇಲು, ಹೊರುವುದಕ್ಕೆ ಇದು ಮೇಲು. ಇದನ್ನೂ ಕಂಪನಿಯವರು ಒಪ್ಪುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಇನ್ನು ಊರಿನಲ್ಲಿ ಇದ್ದಾಗಲೇ ಮಗುವಿಗೆ ಎರಡು ತುಂಬುವ ಹಾಗಿದ್ದರೆ ವಾಪಸ್ ಬರುವಾಗ ಸೀಟು ಬೇಕೇ ಬೇಕು. ಆ ಹುಟ್ಟಿದ ದಿನ ನೋಡಿಕೊಂಡೇ ಎರಡೂ ಕಡೆಯ ಟಿಕೆಟ್ ಒಟ್ಟಿಗೆ ಮಾಡಿಸಿ.