ಬೆಲೆ ಇಳಿಕೆಯೋ, ಕೂಪನ್ನೋ, ಮಹಾಮಾರಾಟವೋ?

ಆನ್‌ಲೈನ್ ಮಾರಾಟ ತಾಣದಲ್ಲಿ ರಿಯಾಯಿತಿ ಕೊಡುವ ಮೊದಲು ಲೆಕ್ಕ ಹಾಕಿ. 100ಕ್ಕೆ ಮಾರುವ ವಸ್ತುವಿನ ಅಸಲು 60, ತಾಣದ ಕಮಿಷನ್ ಶೇ 15 ಎಂದಿಟ್ಟುಕೊಂಡರೆ ನಿಮಗೆ ಉಳಿಯುವುದು 25. ಶೇ 20 ರಿಯಾಯಿತಿ ಕೊಟ್ಟರೆ, 80ರಲ್ಲಿ ಅಸಲು 60, ಕಮಿಷನ್ 12 ಕಳೆದು ಬರೀ 8! ಮೂರು ದಾರಿಗಳಲ್ಲೂ ಈ ಪೆಟ್ಟು ತಪ್ಪದು.

ನೇರವಾಗಿ ಬೆಲೆ ಇಳಿಸುವುದು ಸುಲಭ. ಹಳೆಯ ದಾಸ್ತಾನು ಖಾಲಿ ಮಾಡಲು ಇದೇ ಸರಿ. ಆದರೆ ಇಳಿಸಿದ ಬೆಲೆ ಬೆನ್ನು ಬಿಡುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಂತೂ ರಿಯಾಯಿತಿ ಘೋಷಿಸುವಾಗ ಹಿಂದಿನ 30 ದಿನಗಳ ಕನಿಷ್ಠ ಬೆಲೆಯನ್ನೇ ಸಾಮಾನ್ಯವಾಗಿ ಹಳೆಯ ಬೆಲೆಯೆಂದು ತೋರಿಸಬೇಕು. ಪದೇಪದೇ ಇಳಿಸುವ ಸಣ್ಣ ವ್ಯಾಪಾರಿಗೆ ಇದು ಉರುಳು.

ಕೂಪನ್ ಕೊಟ್ಟರೆ ಪಟ್ಟಿಯ ಬೆಲೆ ಹಾಗೆಯೇ ನಿಲ್ಲುತ್ತದೆ. ಮರಳಿ ಬರುವ ಗ್ರಾಹಕರಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಮಾರಾಟ ತಾಣವೇ ನಡೆಸುವ ಮಹಾಮಾರಾಟದಲ್ಲಿ ಜನ ಸಿಗುತ್ತಾರೆ, ಹಿಡಿತ ಸಿಗುವುದಿಲ್ಲ. ದಿನಾಂಕವೂ ಷರತ್ತೂ ಅವರದೇ. ದಾಸ್ತಾನು, ಲಾಭಾಂಶ ಎರಡೂ ಧಾರಾಳವಾಗಿದ್ದರೆ ಇಳಿಯಿರಿ.