ಪಿಎಚ್‌ಕ್ಯೂ-9 ಹಾಳೆ: ಹದಿನಾಲ್ಕು ತಿಂಗಳು ತುಂಬಿದ ಮೇಲೆ

ಖಿನ್ನತೆ ಎಷ್ಟಿದೆ ಎಂದು ಅಳೆಯುವ ಈ ಹಾಳೆಯ ಮೇಲೆ ಮೊದಲ ದಿನವೇ ನನಗೆ ಸಿಟ್ಟು ಬಂದಿತ್ತು. ಆಪ್ತಸಮಾಲೋಚಕಿಯ ಭೇಟಿಯೊಂದಕ್ಕೆ 1,200 ರೂಪಾಯಿ ತೆತ್ತು ಮನಸ್ಸು ಹಗುರ ಮಾಡಿಕೊಳ್ಳಲು ಬಂದವಳ ಕೈಗೆ ಪ್ರಶ್ನೆಪತ್ರಿಕೆಯೇ? ಒಂಬತ್ತು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಹೆಚ್ಚು ಬಂದಷ್ಟೂ ಕೆಟ್ಟದ್ದು. ನನಗೆ 17 ಬಂದಿತ್ತು.

ಹಾಳೆ ಕೇಳುವುದು ಕಳೆದ ಎರಡು ವಾರಗಳ ಸಮಾಚಾರ. ನನ್ನ ಸಂಬಳಕ್ಕೆ ಒಗ್ಗುವುದೂ ಹದಿನೈದು ದಿನಕ್ಕೊಂದು ಭೇಟಿಯೇ. ಮುಂದಿನ ಹಾಳೆಯನ್ನು ಮೊದಲೇ ಕೊಟ್ಟಿರುತ್ತಾರೆ. ಭೇಟಿ ಇರುವುದು ಮುಂಬೈನ ಮಾಟುಂಗಾದಲ್ಲಿ. ಅಲ್ಲಿ ಫಾಸ್ಟ್ ಲೋಕಲ್ ನಿಲ್ಲುವುದಿಲ್ಲವಾದ್ದರಿಂದ ಶನಿವಾರ ಡೊಂಬಿವಲಿಯಲ್ಲಿ ಸ್ಲೋ ಗಾಡಿ ಹತ್ತುತ್ತೇನೆ. ಠಾಣೆ ದಾಟಿ ಕೂರಲು ಜಾಗ ಸಿಕ್ಕರೆ ಊಟದ ಡಬ್ಬಿಯ ಮುಚ್ಚಳದ ಮೇಲೆ ಹಾಳೆ ಹರಡಿ ಪೆನ್ಸಿಲ್ ತೆಗೆಯುತ್ತೇನೆ. (ಪೆನ್ನಾದರೆ ಗಾಡಿಯ ಕುಲುಕಾಟಕ್ಕೆ ಹಾಳೆ ತೂತಾಗುತ್ತದೆ.) ಮೊದಲು ಮರಾಠಿಯದನ್ನು ಕೊಟ್ಟಿದ್ದರು, ಕೇಳಿ ಕನ್ನಡದ್ದನ್ನು ಪಡೆದೆ. ಪಕ್ಕದವಳು ಇಣುಕಿದರೂ ಓದಲು ಬರುವುದಿಲ್ಲ ಎಂಬುದೇ ಅದರ ದೊಡ್ಡ ಲಾಭ. ಸಾವಿನ ಯೋಚನೆಯನ್ನು ಕೇಳುವ ಒಂಬತ್ತನೆಯ ಪ್ರಶ್ನೆಗೆ ಒಮ್ಮೆ ಮಾತ್ರ ಸೊನ್ನೆ ಬಿಟ್ಟು ಒಂದಕ್ಕೆ ಗುರುತು ಹಾಕಿದ್ದೆ. ಅಂದು ನನ್ನ ಆಪ್ತಸಮಾಲೋಚಕಿ ಬೇರೆಲ್ಲ ಮಾತನ್ನೂ ಬದಿಗಿಟ್ಟು ಅದನ್ನೇ ವಿಚಾರಿಸಿದರು. ಯಾವ ಹೊತ್ತಿಗಾದರೂ ಕರೆ ಮಾಡಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಅನ್ನು ಹಾಳೆಯ ಹಿಂದೆ ಬರೆದುಕೊಟ್ಟರು.

ಸಿಟ್ಟು ಇಳಿದದ್ದು ಐದನೆಯ ತಿಂಗಳಲ್ಲಿ. ಹೇಗಿದ್ದೀರಿ ಎಂದರೆ "ಪರವಾಗಿಲ್ಲ, ಎಷ್ಟೋ ವಾಸಿ" ಎನ್ನುವುದು ನನ್ನ ಬಾಯಿಯ ಚಾಳಿ. ಪಾಪ, ಅವರಿಗೆ ಬೇಸರವಾಗಬಾರದಲ್ಲ! ಆಕೆ ಮಾತಾಡದೆ, ನನ್ನ ಅಂಕಗಳನ್ನು ಚುಕ್ಕಿಯಿಟ್ಟು ಗುರುತಿಸಿದ್ದ ನೋಟ್‌ಬುಕ್ಕನ್ನು ನನ್ನತ್ತ ತಿರುಗಿಸಿದರು. ಕೊನೆಯ ನಾಲ್ಕು ಚುಕ್ಕಿಗಳು: 14, 14, 15, 14. "ಬಾಯಿ ಒಂದು ಹೇಳುತ್ತಿದೆ, ಪೆನ್ಸಿಲ್ ಇನ್ನೊಂದು" ಎಂದು ಮರಾಠಿಯಲ್ಲಿ ನಕ್ಕರು. ಆಮೇಲೆ ತಮ್ಮ ವಿಧಾನವನ್ನೇ ಬದಲಿಸಿದರು. ಹಳೆಯದನ್ನು ಕೆದಕುವುದು ಕಡಿಮೆಯಾಯಿತು. ದಿನಕ್ಕೊಂದು ಸಣ್ಣ ಕೆಲಸ ಗೊತ್ತುಮಾಡಿಕೊಂಡು, ಮನಸ್ಸಿಲ್ಲದಿದ್ದರೂ ಮಾಡಬೇಕಾಯಿತು. ಸಂಜೆ ಸ್ಟೇಷನ್ನಿನಿಂದ ರಿಕ್ಷಾ ಹತ್ತದೆ ನಡೆದು, ಉಳಿದ ಹಣಕ್ಕೆ ಗಜರಾ ಕೊಂಡು ಮನೆಗೆ ಹೋಗತೊಡಗಿದೆ. ಮೂರು ತಿಂಗಳಲ್ಲಿ ಅಂಕ 9ಕ್ಕೆ ಇಳಿಯಿತು. ಹಾಳೆ ಇಲ್ಲದಿದ್ದರೆ ಇಂದಿಗೂ "ಪರವಾಗಿಲ್ಲ" ಎನ್ನುತ್ತಲೇ ದುಡ್ಡು ತೆರುತ್ತಿದ್ದೆನೇನೋ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದನ್ನು ಹಿಡಿದದ್ದು ನಿದ್ದೆಯ ಪ್ರಶ್ನೆಗಾಗಿ. ನಿದ್ದೆ ಬಾರದಿರುವುದು, ಅತಿಯಾಗಿ ಬರುವುದು ಎರಡೂ ಒಂದೇ ಸಾಲಿನಲ್ಲಿವೆ. ಆಗ ರಾತ್ರಿ ಮೂರಕ್ಕೇ ಎದ್ದು ಕೂರುತ್ತಿದ್ದೆ, ಈಗ ಭಾನುವಾರ ಹನ್ನೊಂದಾದರೂ ಏಳುವುದಿಲ್ಲ. ಅಂಕ ಮಾತ್ರ ಅದೇ. ಹಾಗಾಗಿ ಆ ಸಾಲಿನ ಪಕ್ಕ "ಇದು ಹೆಚ್ಚಾದ ನಿದ್ದೆ" ಎಂದು ಪೆನ್ಸಿಲಿನಲ್ಲಿ ಬರೆದೇ ಕೊಡುತ್ತೇನೆ.