ಮನೆ ಒಡೆದ ಡೆಬ್ರಿಸ್‌ಗೆ ಟ್ರ್ಯಾಕ್ಟರಾ, ಚೀಲಾನಾ, ಬಾಡಿಗೆ ಬಿನ್ನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬಾಡಿಗೆ ಬಿನ್‌ಗೆ. ಬೆಂಗಳೂರಿನ ಹನುಮಂತನಗರದ ನಮ್ಮ ಹಳೇ ಮನೆಯ ಅಡುಗೆಮನೆ, ಬಚ್ಚಲು ಎರಡನ್ನೂ ಒಡೆಸಿ ಹೊಸದು ಮಾಡಿಸಿದೆವು. ಒಂದೇ ಕೆಲಸದಲ್ಲಿ ಮೂರು ದಾರಿಯನ್ನೂ ನೋಡಿದ್ದಾಯಿತು. ಮೊದಲು ಟ್ರ್ಯಾಕ್ಟರ್, ಆಮೇಲೆ ಸಿಮೆಂಟ್ ಚೀಲ ತುಂಬಿ ಟಾಟಾ ಏಸ್, ಕೊನೆಗೆ ಕಬ್ಬಿಣದ ಬಿನ್, ಅಂದರೆ ಬಾಯಿ ತೆರೆದ ದೊಡ್ಡ ತೊಟ್ಟಿ. ಲಾರಿ ಬಂದು ಖಾಲಿ ಬಿನ್ ಇಳಿಸಿ ಹೋಗುತ್ತದೆ, ತುಂಬಿದ ಮೇಲೆ ಸರಪಳಿ ಹಾಕಿ ಎತ್ತಿಕೊಂಡು ಹೋಗುತ್ತದೆ. ಅಷ್ಟೇ ಅದರ ವಿದ್ಯೆ.

ಟ್ರ್ಯಾಕ್ಟರ್ ಎಲ್ಲಕ್ಕಿಂತ ಅಗ್ಗ. ನಂಬರ್ ಹುಡುಕುವುದೂ ಬೇಡ, ಮೇಸ್ತ್ರಿ ಫೋನಿನಲ್ಲೇ ಇರುತ್ತದೆ. ಆದರೆ ಒಂದು ಲೋಡ್ ಆಗುವವರೆಗೆ ಅವರು ಬರುವುದಿಲ್ಲ. ಅಲ್ಲಿಯವರೆಗೆ ಗುಡ್ಡೆ ನಿಮ್ಮ ಗೇಟಿನ ಮುಂದೆ, ಅಂದರೆ ರಸ್ತೆ ಮೇಲೆ. ಒಂದು ಮಳೆ ಬಂದರೆ ಸಾಕು, ಗಾರೆ ಪುಡಿಯೆಲ್ಲಾ ಮೋರಿಗೆ. ಸ್ಕೂಟರ್‌ನವರು ಬೈಯುವುದಂತೂ ಇದ್ದೇ ಇದೆ.

ನನಗೆ ಅದಕ್ಕಿಂತ ಜಾಸ್ತಿ ಕಾಡಿದ್ದು ಬೇರೆ. "ಎಲ್ಲಿಗೆ ಹಾಕ್ತೀರಣ್ಣಾ?" ಅಂತ ಟ್ರ್ಯಾಕ್ಟರಿನವನನ್ನು ಕೇಳಿದೆ. "ಅದೆಲ್ಲಾ ನಿಮಗ್ಯಾಕೆ ಸಾರ್, ನಿಮ್ಮನೆ ಮುಂದೆ ಕ್ಲೀನ್ ಆದ್ರೆ ಸಾಕಲ್ವಾ?" ಅಂದ. ಉತ್ತರ ಸಿಕ್ಕಿತು. ಊರಾಚೆ ಖಾಲಿ ಸೈಟು, ಕೆರೆ ಅಂಚು, ರಾಜಕಾಲುವೆ ದಂಡೆ ನೋಡಿದರೆ ಇಂಥ ಲೋಡುಗಳು ಎಲ್ಲಿಗೆ ಹೋಗುತ್ತವೆ ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. 2016ರ ಕಟ್ಟಡ ತ್ಯಾಜ್ಯ ನಿಯಮಗಳಲ್ಲೇ ಹೊಣೆ ಮನೆಯವರದು ಅಂತಿತ್ತು. ರಸ್ತೆಗೆ ಅಡ್ಡ ಹಾಕಂಗಿಲ್ಲ, ಚರಂಡಿಗೆ ಸುರಿಯಂಗಿಲ್ಲ, ಕಾಂಕ್ರೀಟು, ಮಣ್ಣು, ಕಬ್ಬಿಣ, ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಬೇರೆ ಬೇರೆ ಇಡಬೇಕು ಅಂತಲೂ ಇತ್ತು. ಟ್ರ್ಯಾಕ್ಟರ್ ಹತ್ತಿರ ಇದ್ಯಾವುದೂ ನಡೆಯಲ್ಲ.

ಟಾಟಾ ಏಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಸಿಮೆಂಟ್ ಚೀಲದಷ್ಟು ಇಟ್ಟಿಗೆ ಚೂರು 40-45 ಕಿಲೋ ತೂಗುತ್ತದೆ. ಗಾಡಿ ಹೊರುವುದು ಮುಕ್ಕಾಲು ಟನ್ ಆಸುಪಾಸು. ಲೆಕ್ಕ ಹಾಕಿ, ಹದಿನಾರು ಹದಿನೇಳು ಚೀಲಕ್ಕೆ ಲೋಡ್ ಮುಗಿಯಿತು. ಟೈಲ್ಸ್ ಅಂಚು ಚೀಲ ಸೀಳುತ್ತದೆ, ಮೆಟ್ಟಿಲಿಳಿಯುವಾಗ ತಳ ಬಿಟ್ಟುಕೊಂಡರೆ ಹುಡುಗರ ಕಾಲ ಮೇಲೆಯೇ. ಮೇಲಿನ ಮಹಡಿಯ ಚಿಕ್ಕ ರಿಪೇರಿಗೆ ಮಾತ್ರ ಇದು ಸರಿ.

ಈಗ ಬಿನ್. ರಸ್ತೆ ಮೇಲೆ ಒಂದು ಚೂರು ಬೀಳುವುದಿಲ್ಲ, ಕೆಲಸದವರು ಬಾಂಡ್ಲಿಯಿಂದ ನೇರ ಒಳಗೆ ಸುರಿಯುತ್ತಾರೆ. ಲೋಡು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ ಜಾಗದ ಹೆಸರು ಹೇಳಿದರು, ಚೀಟಿಯನ್ನೂ ಕೊಟ್ಟರು. ಊರಿನ ಆ ತುದಿ ಚಿಕ್ಕಜಾಲದಲ್ಲಿ ಡೆಬ್ರಿಸ್ ಪುಡಿ ಮಾಡಿ ಜಲ್ಲಿ, ಮರಳು ತೆಗೆಯುವ ಘಟಕವಿದೆ. ನಮ್ಮ ಕಡೆಯಿಂದ ಅಷ್ಟು ದೂರದ ಡೀಸೆಲ್ಲು ಬಾಡಿಗೆಯಲ್ಲಿ ಸೇರುತ್ತದೆ, ಒಪ್ಪಿಕೊಂಡೆ.

ಆದರೆ ಒಂದು ತಲೆನೋವು ಇದೆ ನೋಡಿ, ಅದನ್ನು ಬಿನ್‌ನವರು ಯಾರೂ ಮೊದಲು ಹೇಳುವುದಿಲ್ಲ.

ಬೆಳಗ್ಗೆ ಗೇಟ್ ತೆಗೆದರೆ ಗಾರೆ ತುಂಡುಗಳ ಮೇಲೆ ಒಂದು ಹತ್ತಿ ಹಾಸಿಗೆ. ಯಾರದೋ. ಹೊಲಿಗೆ ಬಿಟ್ಟು, ಕಪ್ಪಾದ ಹತ್ತಿ ಇಬ್ಬನಿಗೆ ಒದ್ದೆಯಾಗಿತ್ತು. ಮಾರನೇ ದಿನ ಎಳನೀರು ಬುರುಡೆ, ಜಿಪ್ ಕಿತ್ತ ಸೂಟ್‌ಕೇಸು, ಗಂಟು ಹಾಕಿದ ಡೈಪರ್ ಕವರು. ಬೆಂಗಳೂರಲ್ಲಿ ಬೀದಿ ಬದಿಯ ಕಸದ ತೊಟ್ಟಿ ಕಾಣದೆ ಜನ ಎಷ್ಟೋ ವರ್ಷದಿಂದ ಹಸಿದಿದ್ದಾರೆ. ಬೆಳಗ್ಗೆ ಬರುವ ಆಟೋದವರು ಹಾಸಿಗೆ ತಗೊಳ್ಳಲ್ಲ. ಹಾಗಾಗಿ ಬಾಯಿ ತೆರೆದ ಡಬ್ಬ ಯಾರ ಮನೆ ಮುಂದೆ ಕೂತರೂ ಅದು ಇಡೀ ಕ್ರಾಸಿನ ಆಸ್ತಿ.

ಎತ್ತಲು ಬಂದ ಡ್ರೈವರ್ ಇಣುಕಿ ನೋಡಿ ಕೆಳಗಿಳಿದ. "ಸಾರ್, ಮನೆಕಸ ಇದ್ರೆ ನಾನು ಎತ್ತಲ್ಲ. ಅಲ್ಲಿಂದ ವಾಪಸ್ ಕಳಿಸ್ತಾರೆ. ತೆಗೆಸಿಬಿಡಿ." ಅವನ ಮಾತು ನ್ಯಾಯವೇ. ಹಸಿ ಕಸ, ಬಟ್ಟೆ, ಪ್ಲಾಸ್ಟಿಕ್ ಸೇರಿದ ಲೋಡಿನಿಂದ ಒಳ್ಳೆ ಜಲ್ಲಿ ಬರಲ್ಲ. ಮೇಸ್ತ್ರಿ ಹುಡುಗರು ಡೈಪರ್ ಮುಟ್ಟುವುದಿಲ್ಲ ಅಂದರು, ಅವರದೂ ನ್ಯಾಯವೇ. ಕೊನೆಗೆ ರಬ್ಬರ್ ಗ್ಲೌಸ್ ಹಾಕಿಕೊಂಡು ಕೊಕ್ಕೆ ಹಿಡಿದು ನಾನೇ ತೆಗೆದೆ. ಲಾರಿ ಅಷ್ಟೂ ಹೊತ್ತು ರಸ್ತೆಗೆ ಅಡ್ಡ. ಹಿಂದೆ ಹಾರ್ನ್. ಕಾಯಿಸಿದ್ದಕ್ಕೆ ಎಕ್ಸ್‌ಟ್ರಾ ದುಡ್ಡು ಬೇರೆ.

ಎದುರುಮನೆ ಆಂಟಿ ಒಬ್ಬರೇ ಮರ್ಯಾದೆಯಿಂದ ಕೇಳಿದ್ದು. "ನಮ್ಮಲ್ಲೊಂದು ಒಡೆದ ಕಮೋಡ್ ಇದೆಯಪ್ಪಾ, ಹಾಕ್ಲಾ?" ಹಾಕಿ ಆಂಟಿ ಅಂದೆ. ಪಿಂಗಾಣಿ ತಾನೆ, ಡೆಬ್ರಿಸ್ ಜೊತೆ ಹೋಗುತ್ತದೆ.

ಎರಡನೇ ಬಿನ್ ಬಂದಾಗ ಇದಕ್ಕೆ ಮದ್ದು ಮಾಡಿದೆ. ಒಡೆಯುವ ದಿನ ಬೆಳಗ್ಗೆಯೇ ಇಳಿಸಲು ಹೇಳಿದೆ, ಖಾಲಿ ಬಿನ್ ಒಂದು ರಾತ್ರಿಯೂ ಹೊರಗೆ ಕೂರಲಿಲ್ಲ. ಸಂಜೆ ಕೆಲಸದವರು ಹೊರಟ ಕೂಡಲೇ ಟಾರ್ಪಾಲು ಹೊದಿಸಿ, ಕೊಕ್ಕೆಗಳಿಗೆ ಹಗ್ಗ ಬಿಗಿದು, ಮೇಲೆ ಹಳೇ ಬಾಗಿಲಿನ ಹಲಗೆ ಇಟ್ಟೆವು. ಗೇಟಿನ ಲೈಟು ರಾತ್ರಿಯೆಲ್ಲಾ ಉರಿಯಿತು. ಬಿನ್‌ನ ಮೂಲೆಗಳಿಗೆ ಹೊಳೆಯುವ ಟೇಪ್ ಕೂಡ ಅಂಟಿಸಿದೆ, ಕತ್ತಲಲ್ಲಿ ಬೈಕಿನವರು ಬಂದು ಗುದ್ದಬಾರದಲ್ಲ. ಆಮೇಲೆ ಒಂದು ಚಿಪ್ಸ್ ಕವರ್ ಕೂಡ ಬೀಳಲಿಲ್ಲ.

ಟಾರ್ಪಾಲಿನಿಂದ ಇನ್ನೊಂದು ಲಾಭ ತೂಕದ್ದು. ನಮ್ಮದು ಸುಮಾರು 4 ಘನ ಮೀಟರ್ ಬಿನ್. ಒಡೆದ ಇಟ್ಟಿಗೆ-ಗಾರೆ ಘನ ಮೀಟರಿಗೆ ಒಂದೂಕಾಲು ಟನ್ ಹತ್ತಿರ, ಅಂದರೆ ತುಂಬಿದಾಗ 5 ಟನ್. ಮಳೆ ನೀರು ಕುಡಿದರೆ ಅದರ ಮೇಲೆ ಇನ್ನಷ್ಟು. ಅಂಚಿನ ಮಟ್ಟ ದಾಟಿ ಗೋಪುರ ಕಟ್ಟಬೇಡಿ, ದಾರಿಯಲ್ಲಿ ಒಂದು ಇಟ್ಟಿಗೆ ಉರುಳಿದರೆ ಹಿಂದಿನ ಬೈಕಿನವನ ಗತಿ ಏನು?

ಜಾಗದ ವಿಷಯ. 5 ಟನ್ ಕೂರುವ ಕಡೆ ಕೆಳಗೇನಿದೆ ನೋಡಿ. ಹಳೇ ಬಡಾವಣೆಗಳಲ್ಲಿ ಮೋರಿ ಮೇಲೆ ಚಪ್ಪಡಿ ಕಲ್ಲು ಇರುತ್ತದೆ, ಅದರ ಮೇಲೆ ಇಳಿಸಿದರೆ ಕಲ್ಲು ಎರಡು ಹೋಳು. ತಲೆ ಮೇಲೆ ಕರೆಂಟ್ ವೈರು, ಕೇಬಲ್ಲು ಇದ್ದರೆ ಲಾರಿಯ ತೋಳು ಎತ್ತುವಾಗ ಅಪಾಯ. ನಾವು ಕಾರು ಹೊರಗೆ ನಿಲ್ಲಿಸಿ, ಗೇಟಿನೊಳಗೆ ಅರ್ಧ, ಹೊರಗೆ ಅರ್ಧ ಇಳಿಸಿಕೊಂಡೆವು. ರಸ್ತೆಗೆ ಬರುವುದಾದರೆ ವಾರ್ಡ್ ಆಫೀಸಿನಲ್ಲಿ ಮೊದಲೇ ಕೇಳಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದವು, ನಿಮ್ಮದು ಯಾವುದು ಅಂತ ತಿಳಿದುಕೊಂಡು ಮೆಟ್ಟಿಲು ಹತ್ತಿ.

ಬಿನ್ ಎತ್ತುವಾಗ ಮಕ್ಕಳು ನೋಡಲು ಓಡಿ ಬರುತ್ತಾರೆ. ಬಾಗಿಲು ಹಾಕಿಕೊಂಡು ಕಿಟಕಿಯಿಂದ ನೋಡಲಿ.

ಹಾಕಬಾರದ್ದು ಕೆಲವು ಇವೆ. ಪೇಂಟ್ ಡಬ್ಬ, ಥಿನ್ನರ್, ಬ್ಯಾಟರಿ, ಪಾದರಸ ಇರುವ ಟ್ಯೂಬ್‌ಲೈಟು, ಹಳೇ ಗೀಸರು. ಕಲ್ನಾರಿನ ಶೀಟ್ ಇದ್ದರಂತೂ ಒಡೆಯಲೇ ಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿ ನೆನೆಸಿ, ಇಡಿಯಾಗಿ ಇಳಿಸಿ ಬೇರೆ ಇಡಿಸಿ. ಕಂಬಿ, ನಲ್ಲಿ, ಕಿಟಕಿ ಗ್ರಿಲ್ ಬಿನ್‌ಗೆ ಹಾಕುವುದು ದುಡ್ಡು ಎಸೆದ ಹಾಗೆ. ಗುಜರಿಯವನನ್ನು ಕರೆದೆ, ಬಾಡಿಗೆಯಲ್ಲಿ ಸ್ವಲ್ಪ ಅಲ್ಲೇ ವಾಪಸ್ ಬಂತು.

ಖರ್ಚು? ಟ್ರ್ಯಾಕ್ಟರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಬಿತ್ತು. ನಾನು ಬೆಳಗ್ಗೆ ಹೋದರೆ ಮನೆಗೆ ಬರುವುದು ರಾತ್ರಿ, ಲೋಡಿಂಗ್ ಹತ್ತಿರ ನಿಲ್ಲಲು ಆಗಲ್ಲ, ರಸ್ತೆಯ ಗುಡ್ಡೆಗೆ ಅಕ್ಕಪಕ್ಕದವರ ಜೊತೆ ಜಗಳ ಮಾಡುವ ಶಕ್ತಿಯೂ ಇಲ್ಲ. ಅದಕ್ಕೆ ಕೊಟ್ಟೆ. ಮನೆಯಲ್ಲಿ ಹಗಲೆಲ್ಲಾ ಇರುವವರು, ಕೈ ಬಿಗಿ ಇರುವವರು ಚೀಲ ತುಂಬಿಸಿ ಟಾಟಾ ಏಸ್ ಕರೆಯಬಹುದು, ಎಲ್ಲಿ ಸುರಿಯುತ್ತಾನೆ ಅಂತ ಜೊತೆಗೇ ಹೋಗಿ ನೋಡಿಬರುವುದಾದರೆ. ಬಿನ್‌ನವರಿಗೆ ಫೋನ್ ಮಾಡುವವರು ಟಾರ್ಪಾಲು ಅವರೇ ಕೊಡುತ್ತಾರಾ, ಭಾನುವಾರಕ್ಕೂ ಬಾಡಿಗೆ ಹಿಡಿಯುತ್ತಾರಾ ಅಂತ ಕೇಳಿಕೊಳ್ಳಿ. ನಮ್ಮವರು ಹಿಡಿದರು.